ನನಗಿಂತ ಮುಂಚೆ ಹೊಳೆ ದಾಟಿದವಳು

ಗಾಳಿ, ಸೋಂಕು, ದೆವ್ವ ಎಂಬ ಮಾತು ಬಂದರೆ ನಾನು ನಗುತ್ತಿದ್ದವಳು. ಸೊಲ್ಲಾಪುರದ ನಮ್ಮ ಓಣಿಯ ಹೆಂಗಸರು ಮಧ್ಯಾಹ್ನ ಕಟ್ಟೆಯ ಮೇಲೆ ಕೂತು ಇಂಥ ಸುದ್ದಿ ತೆಗೆದರೆ, "ನೀವು ಕಂಡೀರೇನು? ನಿಮ್ಮ ಕಣ್ಣಿಲೆ ಕಂಡೀರೇನು?" ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಯಾರೂ ಕಂಡಿರುತ್ತಿರಲಿಲ್ಲ. ಕಂಡವರ ಪರಿಚಯ ಇದ್ದವರಷ್ಟೇ ಇರುತ್ತಿದ್ದರು. ಈಗ ಅದೇ ಪ್ರಶ್ನೆಯನ್ನು ನೀವು ನನಗೆ ಕೇಳಿದರೆ ನನ್ನ ಉತ್ತರವೂ ಅದೇ: ನಾನು ಏನನ್ನೂ ಕಾಣಲಿಲ್ಲ. ಆದರೆ ಆ ದಿನ ನನ್ನೊಬ್ಬಳನ್ನು ಬಿಟ್ಟು ಉಳಿದವರೆಲ್ಲ ಕಂಡರು. ಇಷ್ಟು ವರ್ಷ ಇದನ್ನು ಬರೆಯದೆ ಇದ್ದುದಕ್ಕೆ ಕಾರಣ ನಾಚಿಕೆಯಲ್ಲ, ಹೆದರಿಕೆ. ಆ ಹೆದರಿಕೆ ಈಗಲೂ ಪೂರ್ತಿ ಹೋಗಿಲ್ಲ.

ನನ್ನ ತವರು ಸುರಪುರಕ್ಕೆ ಹೊಂದಿಕೊಂಡ ರಂಗಂಪೇಟೆ. ಅಪ್ಪ ನೇಕಾರ. ಹದಿನಾರಕ್ಕೆ ನನ್ನನ್ನು ಸೊಲ್ಲಾಪುರಕ್ಕೆ ಕೊಟ್ಟರು. ಗಂಡನಿಗೆ ಅಲ್ಲಿ ಬಟ್ಟೆ ಗಿರಣಿಯಲ್ಲಿ ಕೆಲಸ. ಆಗ ಸುರಪುರ ನಿಜಾಮರ ಸೀಮೆ, ಸೊಲ್ಲಾಪುರ ಮುಂಬಯಿ ಇಲಾಖೆ. ತವರಿಗೆ ಹೋಗುವುದೆಂದರೆ ಬೇರೆ ದೇಶಕ್ಕೆ ಹೋದ ಹಾಗೆ. ರೈಲಿನಲ್ಲಿ ಸುಂಕದವರು ಪೆಟ್ಟಿಗೆ ಬಿಚ್ಚಿಸಿ ಸೀರೆಯ ಮಡಿಕೆಗಳಲ್ಲೆಲ್ಲ ಕೈಯಾಡಿಸುತ್ತಿದ್ದರು. ಆಮೇಲೆ ರಜಾಕಾರರ ಹಾವಳಿ ಎದ್ದಿತು. ಎರಡು ವರ್ಷಕ್ಕೂ ಮೇಲ್ಪಟ್ಟು ಆ ಕಡೆಯವರು ಈ ಕಡೆ ಬರಲಿಲ್ಲ, ಈ ಕಡೆಯವರು ಆ ಕಡೆ ಹೋಗಲಿಲ್ಲ. ಆ ನಡುವೆ ನಮ್ಮವ್ವ ತೀರಿಕೊಂಡಳು. ಊರು ಬಿಟ್ಟು ಓಡಿಬಂದ ಒಬ್ಬರು ಹೇಳಿ ನನಗೆ ಗೊತ್ತಾಗುವ ಹೊತ್ತಿಗೆ ಮೂರು ತಿಂಗಳು ಕಳೆದಿತ್ತು.

ಪೊಲೀಸ್ ಕಾರ್ಯಾಚರಣೆ ಮುಗಿದು ವರ್ಷದ ಮೇಲೆ, ಅಪ್ಪನಿಗೆ ಲಕ್ವ ಹೊಡೆದು ಮೈಯ ಒಂದು ಭಾಗ ಬಿದ್ದುಹೋಗಿದೆ ಎಂದು ತಮ್ಮ ಮಲ್ಲಣ್ಣನಿಂದ ಕಾಗದ ಬಂತು. ಹದಿನೈದು ದಿನದಲ್ಲಿ ಬಂದುಬಿಡುತ್ತೇನೆ ಎಂದು ಹೊರಟೆ. ನನ್ನ ಮಗಳು ಸುಶೀಲಾಗೆ ಆಗ ಐದು ವರ್ಷ. "ಆ ಕಡಿದು ಇನ್ನಾ ನಂಬಿಕಿ ಇಲ್ಲ, ಕೂಸಿನ್ನ ಒಯ್ಯಬ್ಯಾಡ" ಎಂದು ನನ್ನ ಅತ್ತೆ ಹಟ ಹಿಡಿದರು. ಬಿಟ್ಟು ಹೋದೆ. ಹದಿನೈದು ದಿನ ಹೋಗಿ ಐದು ತಿಂಗಳಾಯಿತು. ಅಪ್ಪನ ಆರೈಕೆ, ಅದರ ಜೊತೆಗೆ ತಮ್ಮನ ಹೆಂಡತಿಯ ಬಾಣಂತನ. ಇವು ನಿಜವಾದ ಕಾರಣಗಳೇ. ಆದರೆ ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ಅವ್ವ ಇಲ್ಲದ ಆ ಮನೆಯಲ್ಲಿ ಅವಳ ಒಲೆ, ಅವಳ ಬೀಸುಕಲ್ಲು ಹಿಡಿದು ಕೂತಾಗ ನನಗೆ ಸೊಲ್ಲಾಪುರ ಮರೆತೇ ಹೋಗುತ್ತಿತ್ತು. ಒಮ್ಮೊಮ್ಮೆ ಇಡೀ ದಿನ ಮಗಳ ನೆನಪೇ ಬಂದಿಲ್ಲವೆಂದು ಸಂಜೆಗೆ ಹೊಳೆದು ಎದೆ ಧಸಕ್ಕೆನ್ನುತ್ತಿತ್ತು.

ಊರೂ ನಾನು ಬಿಟ್ಟ ಊರಾಗಿ ಉಳಿದಿರಲಿಲ್ಲ. ಕಚೇರಿಗಳ ಮೇಲಿನ ಉರ್ದು ಫಲಕದ ಕೆಳಗೆ ಹೊಸದಾಗಿ ಕನ್ನಡ ಬರೆಯುತ್ತಿದ್ದರು. ನನ್ನ ಜೊತೆ ಆಡಿ ಬೆಳೆದ ಪಕ್ಕದ ಮನೆಯ ಮೆಹಬೂಬಿ ಗಂಡನ ಜೊತೆ ಎಲ್ಲಿಗೋ ಹೋದಳಂತೆ. ಎಲ್ಲಿಗೆಂದು ಯಾರೂ ಹೇಳಲಿಲ್ಲ, ಕೇಳಿದರೆ ಮಾತು ಬದಲಿಸುತ್ತಿದ್ದರು. ಆ ಓಣಿಯಲ್ಲಿ ನಾಲ್ಕೈದು ಬಾಗಿಲುಗಳಿಗೆ ಬೀಗ ಬಿದ್ದಿತ್ತು.

ಅಪ್ಪ ಗೋಡೆ ಹಿಡಿದು ನಡೆಯುವಂತಾದ ಮೇಲೆ ನಾನು ಹೊರಟೆ. ಹೊರಡುವ ದಿನ ಅವ್ವನ ಒಂದು ಸೀರೆ ಉಟ್ಟುಕೊಂಡೆ. ಆ ಸೀರೆಯ ಬಗ್ಗೆ ಇಲ್ಲಿ ಹೇಳಲೇಬೇಕು. ನೂಲು ಸಿಗದ ಕಾಲದಲ್ಲಿ ಉಳಿದ ಬಳಿದ ನೂಲಿನಿಂದ ಅಪ್ಪ ಅವಳಿಗಾಗಿ ನೇಯ್ದದ್ದು. ಕೆಂಪು ನೂಲು ಸಾಲದೆ ಒಂದು ದಡಿ ಕೆಂಪು, ಇನ್ನೊಂದು ದಡಿ ಹಸಿರು ಆಗಿತ್ತು. ಅಂಥ ಸೀರೆಯನ್ನು ಯಾರೂ ಮಾರಾಟಕ್ಕೆ ನೇಯುವುದಿಲ್ಲ. ಅದರ ಜೋಡಿ ಲೋಕದಲ್ಲಿ ಇರಲಿಲ್ಲ.

ಸುರಪುರದಿಂದ ಬೆಳಗಿನ ಮೊದಲ ಬಸ್ಸು. ಯಾದಗಿರಿಯಲ್ಲಿ ರೈಲು ಹತ್ತಿಸಿ ಬರಲು ಮಲ್ಲಣ್ಣ ಜೊತೆಗಿದ್ದ. ಚಳಿಗಾಲ. ಶಹಾಪುರ ದಾಟಿ ದೋರನಹಳ್ಳಿಯಲ್ಲಿ ಬಸ್ಸು ನಿಂತಾಗ ಬಿಸಿಲು ಚೆನ್ನಾಗಿ ಬಿದ್ದಿತ್ತು. ಬಾರಿಹಣ್ಣಿನ ಬುಟ್ಟಿ ಹೊತ್ತ ಮುದುಕಿಯೊಬ್ಬಳು ಕಿಟಕಿಯ ಹತ್ತಿರ ಬಂದವಳು, ಹಣ್ಣು ಬೇಕೇ ಎಂದು ಕೇಳುವುದನ್ನು ಬಿಟ್ಟು ನನ್ನ ಮುಖವನ್ನೇ ನೋಡಿದಳು.

"ಯವ್ವಾ, ಇಷ್ಟೊತ್ತಿಗಿ ಹೊಳಿ ಮುಟ್ಟಿರ್ತಿ ಅಂತ ತಿಳದಿದ್ನಿ. ಮತ್ಯಾಕ ಹೊಳ್ಳಿ ಬಂದಿ?"

ಮಲ್ಲಣ್ಣ ನಕ್ಕ. "ಅಜ್ಜೀ, ನಾವು ಸುರಪುರದಿಂದ ಈಗ ಬರಾಕತ್ತೀವಿ. ಯಾರನ್ನ ನೋಡಿ ಯಾರಂತಿ?"

"ಈಕಿನ್ನ ತಮ್ಮಾ. ಬಿಸಲು ಏರೂಕಿಂತ ಮದ್ಲ ಹಿಂಗ ನಡಕೊಂತ ಹೋದ್ಲು. ನಾಕು ಹಣ್ಣು ತಗೋ ಯವ್ವಾ ಅಂದ್ರ ಹೊಳ್ಳಿ ಸೈತ ನೋಡ್ಲಿಲ್ಲ."

ಬಸ್ಸು ಹೊರಟಿತು. ಮುದುಕಿಗೆ ಕಣ್ಣು ಮಂಜಾಗಿರಬೇಕು ಎಂದುಕೊಂಡೆವು. ನಾನೂ ನಕ್ಕೆ. ನಿಜವಾಗಿಯೂ ಆಗ ನನಗೆ ಏನೂ ಅನ್ನಿಸಲಿಲ್ಲ.

ಬಸ್ಸು ಭೀಮಾ ಹೊಳೆಯ ಈಚೆ ದಂಡೆಯವರೆಗೆ ಮಾತ್ರ. ಅಲ್ಲಿಂದ ಹರಿಗೋಲಿನಲ್ಲಿ ದಾಟಬೇಕು. ಪೆಟ್ಟಿಗೆಯನ್ನು ತಲೆಯ ಮೇಲಿಟ್ಟುಕೊಂಡು ಮಲ್ಲಣ್ಣ ಮುಂದೆ ಇಳಿದ, ನಾನು ಹಿಂದೆ. ಹರಿಗೋಲನ್ನು ದಂಡೆಗೆ ಎಳೆಯುತ್ತಿದ್ದ ಅಂಬಿಗ ನನ್ನನ್ನು ನೋಡಿ ಕೈ ನಿಲ್ಲಿಸಿದ. ನಲವತ್ತರ ಆಸುಪಾಸಿನ ಗಟ್ಟಿ ಆಳು, ಕಣ್ಣು ಮಂಜಾಗುವ ವಯಸ್ಸಲ್ಲ.

"ಯಕ್ಕಾ, ನಿನ್ನ ಹಿಂದಿನ ಖೇಪಿನಾಗ ಆ ದಂಡಿಗಿ ಇಳಸೀನಿ. ಈ ಕಡಿ ಹ್ಯಾಂಗ ಬಂದಿ? ಹರಗೋಲು ಇರೂದು ಇದೊಂದೇ."

ಮಲ್ಲಣ್ಣನಿಗೆ ಸಿಟ್ಟು ಬಂತು. "ಏನ್ ಮಾರಾಯಾ, ಬೆಳಗಾಗೂದ್ರಾಗ ಎಲ್ಲಾರೂ ಚ್ಯಾಷ್ಟಿ ಹಚ್ಚೀರೇನು?"

"ಚ್ಯಾಷ್ಟಿ ಅಲ್ರೀ ಯಣ್ಣಾ. ಇವರನ್ನ, ಇದ ಸೀರಿ. ಒಂದ ದಡಿ ಕೆಂಪು, ಒಂದ ದಡಿ ಹಸರು. ಇಂಥಾದ್ದು ನಾ ಎಲ್ಲೂ ನೋಡಿಲ್ಲ, ಅದಕ ಲಕ್ಷ್ಯ ಆತು. ಕೈಯಾಗ ಏನೂ ಇರಲಿಲ್ಲ. ಊರಿಗಿ ಹೊಂಟೀದಿ, ಸಾಮಾನಿಲ್ಲೇನಕ್ಕಾ ಅಂತ ಕೇಳಿದ್ನಿ. ಸಾಮಾನು ಹಿಂದಿನಿಂದ ಬರ್ತದ ಅಂದಿ."

ಹೀಗೆ ಹೇಳುತ್ತ ಹೇಳುತ್ತ ಅವನ ಕಣ್ಣು ಮಲ್ಲಣ್ಣನ ತಲೆಯ ಮೇಲಿದ್ದ ಪೆಟ್ಟಿಗೆಗೆ ಹೋಯಿತು. ನಮ್ಮನ್ನು ಕೂರಿಸಿಕೊಳ್ಳುವುದೋ ಬೇಡವೋ ಎಂದು ಸ್ವಲ್ಪ ಹೊತ್ತು ನಿಂತೇ ಇದ್ದ. ಕೊನೆಗೆ ಕೂರಿಸಿಕೊಂಡ. ಹೊಳೆ ದಾಟುವ ತನಕ ನನ್ನ ಕಡೆ ಒಮ್ಮೆಯೂ ತಿರುಗಲಿಲ್ಲ. ನಾನು ನೀರು ನೋಡುತ್ತ ಕೂತಿದ್ದೆ. ನನ್ನ ನೆರಳು ನೀರಿನಲ್ಲಿ ಅಲುಗುತ್ತಿತ್ತು. ಎಂದಿನಂತೆ ಅದನ್ನು ನೋಡುತ್ತಿರಲು ಆಗಲಿಲ್ಲ, ಕಣ್ಣು ಮುಚ್ಚಿಕೊಂಡೆ. ಮೊದಲ ಬಾರಿ ಹೆದರಿಕೆ ಹೊಕ್ಕದ್ದು ಅಲ್ಲಿ.

ಯಾದಗಿರಿ ಸ್ಟೇಷನ್ನಿನಲ್ಲಿ ಇನ್ನೇನು ಕಾದಿದೆಯೋ ಎಂದು ತಲೆ ತಗ್ಗಿಸಿಕೊಂಡೇ ಒಳಗೆ ಹೋದೆ. ಯಾರೂ ಏನೂ ಅನ್ನಲಿಲ್ಲ. ಮಲ್ಲಣ್ಣ ಟಿಕೀಟು ತಂದ. ಉಸಿರು ಬಿಡುವಷ್ಟರಲ್ಲಿ ಬಿಳಿ ಗಡ್ಡದ ಮುದುಕ ಹಮಾಲನೊಬ್ಬ ಓಡೋಡಿ ಬಂದ.

"ಅರೆ ಬೇಟೀ! ಮೇಲ್ ಗಾಡಿಗಿ ನಾನೇ ಹತ್ತಿಸಿದ್ನಲ್ಲ, ಜನಾನಾ ಡಬ್ಬಿದಾಗ? ಇಳದ್ಬಿಟ್ಟ್ಯೇನು? ಯಾಕಮ್ಮಾ?"

ಮಲ್ಲಣ್ಣ ಈ ಸಲ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಮೆಲ್ಲಗೆ ಕೇಳಿದ: "ಚಾಚಾ, ಎಲ್ಲಿಗಿ ಹೋಗ್ತೀನಿ ಅಂದ್ಲು ಆಕಿ?"

"ಸೊಲ್ಲಾಪುರಕ್ಕ. ಮಗಳು ದಾರಿ ನೋಡಾಕತ್ತಾಳ, ಜಲ್ದಿ ಹೋಗಬೇಕು ಅಂದ್ಲು." ಮುದುಕ ನನ್ನನ್ನೂ ಮಲ್ಲಣ್ಣನನ್ನೂ ಬದಲಿಸಿ ಬದಲಿಸಿ ನೋಡಿದ. "ಇವರೇ ಅಲ್ಲೇನು?"

ಮುದುಕ ಏನನ್ನೋ ಬಾಯಲ್ಲಿ ಹೇಳಿಕೊಳ್ಳುತ್ತ ದೂರ ಸರಿದ.

ಮಲ್ಲಣ್ಣ ನನ್ನನ್ನು ಪೆಟ್ಟಿಗೆಯ ಮೇಲೆ ಕೂರಿಸಿದ. "ಅಕ್ಕಾ, ಹೊಳ್ಳಿ ಹೋಗೂಣು ನಡಿ. ಇವತ್ತಿನ ದಿನ ಸರಿ ಇಲ್ಲ. ಎಂಟು ದಿನ ಬಿಟ್ಟು ನಾನೇ ಸೊಲ್ಲಾಪುರತನ ಬಂದು ಬಿಡ್ತೀನಿ."

"ಸುಶೀ ಅಲ್ಲಿ ಅದಾಳೋ" ಎಂದೆ.

"ಮಾವಗ ತಂತಿ ಕೊಡೂಣು."

"ಏನಂತ ಬರಸ್ತಿ?"

ಏನೆಂದು ಬರೆಸುವುದು? ನಿಮ್ಮ ಹೆಂಡತಿ ಬಂದರೆ ಬಾಗಿಲು ತೆಗೆಯಬೇಡಿ ಎಂದೇ? ನಿಮಗೆ ಈಗ ಇದು ನಗುವ ಮಾತು ಅನ್ನಿಸಬಹುದು. ನಮಗಿಬ್ಬರಿಗೂ ಆ ಪ್ಲಾಟ್‌ಫಾರ್ಮಿನ ಮೇಲೆ ಹಾಡಹಗಲಲ್ಲಿ ಮೈ ಬೆವರುತ್ತಿತ್ತು. ತಾನೂ ಬರುತ್ತೇನೆಂದು ಅವನು ಹಟ ಮಾಡಿದ. ಮನೆಯಲ್ಲಿ ಹಸಿ ಬಾಣಂತಿ, ನಡೆಯಲಾರದ ಅಪ್ಪ. ಬೇಡವೆಂದೆ. ಪ್ಯಾಸೆಂಜರ್ ಗಾಡಿ ಬಂದಾಗ ಹತ್ತಿ ಕೂತೆ. ಗಾಡಿ ಬಿಟ್ಟಾಗ ಅವನು ಕೈ ಎತ್ತಲಿಲ್ಲ, ಸುಮ್ಮನೆ ನೋಡುತ್ತ ನಿಂತಿದ್ದ. ನಾನೇ ಹೋಗುತ್ತಿದ್ದೇನೆಂದು ಅವನಿಗಾದರೂ ಖಾತ್ರಿ ಇತ್ತೋ ಇಲ್ಲವೋ.

ಆ ಪ್ರಯಾಣ ಹೇಗೆ ಕಳೆಯಿತೆಂದು ಹೇಳುವುದು ಕಷ್ಟ. ಯಾರೋ ನನ್ನ ಹಾಗಿರುವ ಹೆಂಗಸು, ಅಷ್ಟೇ, ಎಂದು ಮನಸ್ಸಿಗೆ ಹೇಳಿಕೊಳ್ಳುತ್ತಿದ್ದೆ. ಮುಖ ಹೋಲಬಹುದು. ಸೊಲ್ಲಾಪುರಕ್ಕೆ ಹೋಗುವವರು ಬೇಕಾದಷ್ಟು ಜನ. ಮಗಳೂ ಇದ್ದಾಳು. ಆದರೆ ಸೀರೆ ನನ್ನ ಮೈಮೇಲಿತ್ತಲ್ಲ! ಸೆರಗಿನ ಹಸಿರು ದಡಿಯನ್ನು ಬೆರಳಲ್ಲಿ ಹಿಡಿದು ಹಿಡಿದು ಅದು ಸುಕ್ಕಾಗಿತ್ತು. ವಾಡಿಯಲ್ಲಿ ನಮ್ಮ ಗಾಡಿ ನಿಂತಾಗ ಪಕ್ಕದ ಹಳಿಯ ಮೇಲೆ ಇನ್ನೊಂದು ಗಾಡಿ ನಿಂತಿತ್ತು. ಅದರ ಹೆಂಗಸರ ಡಬ್ಬಿಯ ಕಿಟಕಿ ನನ್ನ ಕಿಟಕಿಗೆ ಎದುರಾಗಿಯೇ ಬಂತು. ಅಲ್ಲಿ ಯಾರು ಕೂತಿದ್ದರೋ ನಾನು ನೋಡಲಿಲ್ಲ. ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಗಾಡಿ ಬಿಡುವವರೆಗೂ ಹಾಗೇ ಇದ್ದೆ. ಎದುರು ಕೂತಿದ್ದ ಹೆಂಗಸು ನಾನು ಅಳುತ್ತಿದ್ದೇನೆ ಎಂದುಕೊಂಡು, "ತವರು ಬಿಟ್ಟು ಬರಾಕತ್ತೀರೇನ್ರಿ?" ಎಂದು ಕೇಳಿದಳು. ಹೌದೆಂದೆ.

ಮೊದಲು ಪೆಟ್ಟಿಗೆ ಬಿಚ್ಚಿಸುತ್ತಿದ್ದ ಸುಂಕದವರು ಈಗ ಯಾರೂ ಇರಲಿಲ್ಲ. ಗಡಿ ಯಾವಾಗ ದಾಟಿದೆವೆಂದೇ ಗೊತ್ತಾಗಲಿಲ್ಲ. ಆ ದಿನ ಯಾರಾದರೂ ತಡೆದು, ನೀನು ಯಾರು, ಎಲ್ಲಿಯವಳು ಎಂದು ಕೇಳಿ ಬರೆದುಕೊಂಡಿದ್ದರೆ ಚೆನ್ನಾಗಿತ್ತು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಟಾಂಗಾ ನಮ್ಮ ಓಣಿಗೆ ಬಂದಾಗ ದೀಪ ಹಚ್ಚುವ ಹೊತ್ತು. ಅತ್ತೆ ಹೊಸ್ತಿಲ ಹತ್ತಿರ ಕೂತು ಕಂದೀಲಿನ ಗಾಜು ಒರೆಸುತ್ತಿದ್ದರು. ಟಾಂಗಾದವನು ಪೆಟ್ಟಿಗೆ ಇಳಿಸಿ ಕಟ್ಟೆಯ ಮೇಲಿಟ್ಟ. ಅತ್ತೆ ಮೊದಲು ಪೆಟ್ಟಿಗೆ ನೋಡಿದರು.

"ಬಂತೇನು ಸಾಮಾನು?" ಎಂದರು, ಸಹಜವಾದ ದನಿಯಲ್ಲಿ. ಆಮೇಲೆ ತಲೆ ಎತ್ತಿ ನನ್ನನ್ನು ಕಂಡರು. "ಹಿತ್ತಲದಾಗ ಕೂಸಿನ ತಲಿ ಹಿಕ್ಕಾಕತ್ತಿದ್ದಿ, ಈ ಬಾಗಲಿಂದ ಹ್ಯಾಂಗ ಬಂದಿ?"

ನಾನು ಅವರನ್ನು ದಾಟಿಕೊಂಡು ಒಳಗೆ ಓಡಿದೆ. ಪಡಸಾಲೆ, ಅಡುಗೆಮನೆ, ಹಿತ್ತಲ ಬಾಗಿಲು. ಹನ್ನೆರಡು ಹೆಜ್ಜೆಯ ಮನೆ ಅದು. ಆ ಹನ್ನೆರಡು ಹೆಜ್ಜೆಯಷ್ಟು ಉದ್ದದ ದಾರಿಯನ್ನು ನಾನು ಮತ್ತೆಂದೂ ನಡೆದಿಲ್ಲ.

ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಸುಶೀಲಾ ಆ ಕಡೆ ಮುಖ ಮಾಡಿ ಒಬ್ಬಳೇ ಕೂತಿದ್ದಳು. ತಲೆಯ ಒಂದು ಭಾಗದ ಕೂದಲು ಜಡೆ ಹಾಕಿ ಆಗಿತ್ತು. ಇನ್ನೊಂದು ಭಾಗದ್ದು ಬಿಡಿಸಿ ಹೆಗಲ ಮೇಲೆ ಬಿದ್ದಿತ್ತು, ಬಾಚಣಿಗೆ ಅದರಲ್ಲೇ ಸಿಕ್ಕಿಕೊಂಡಿತ್ತು. ಹಿಂದಿನ ಸಂದಿಗೆ ಹೋಗುವ ಬಾಗಿಲಿನ ಚಿಲಕ ಒಳಗಿನಿಂದ ಹಾಕಿತ್ತು. ಆ ಚಿಲಕ ಮಗುವಿನ ಕೈಗೆ ಎಟುಕುವಂಥದ್ದಲ್ಲ. ಗೋಡೆ ಎರಡಾಳೆತ್ತರ.

"ಸುಶೀ" ಎಂದೆ. ಅವಳು ತಿರುಗಿ ನೋಡಿದಳು. ಐದು ತಿಂಗಳು ಕಾಣದ ತಾಯಿಯನ್ನು ಕಂಡ ಮಗು ಹೇಗೆ ಓಡಿಬರಬೇಕೋ ಹಾಗೆ ಬರಲಿಲ್ಲ. ನೋಡಿ, ಮತ್ತೆ ಬೆನ್ನು ತಿರುಗಿಸಿ, "ಇನ್ನೊಂದು ಕಡಿದು ಹಾಕು" ಎಂದಳು.

ನಾನು ಹಿಂದೆ ಕೂತು ಬಾಚಣಿಗೆ ಕೈಗೆ ತೆಗೆದುಕೊಂಡೆ. ಬೇರೆ ಏನು ಮಾಡಬೇಕೆಂದು ತೋಚಲಿಲ್ಲ. ನಾನು ಎಡಚಿ. ನಾನು ಹೆಣೆದ ಜಡೆಯ ಎಳೆಗಳು ಬೇರೆಯವರು ಹೆಣೆದದ್ದಕ್ಕಿಂತ ಉಲ್ಟಾ ಬೀಳುತ್ತವೆ. ನಮ್ಮ ಅತ್ತೆ ಅದನ್ನೇ ಹಿಡಿದು ಎಷ್ಟೋ ಸಲ ಆಡಿಕೊಂಡು ನಕ್ಕಿದ್ದರು. ಒಂದು ಜಡೆ ಹಾಕಿ ಮುಗಿಸಿ ಮತ್ತೊಂದರ ಪಕ್ಕ ಹಿಡಿದು ನೋಡಿದೆ. ಎರಡೂ ಒಂದೇ ಕೈಯವು.

ಅತ್ತೆ ಹೇಳಿದ್ದಿಷ್ಟು. ನಾನು ಮಧ್ಯಾಹ್ನ ಮೂರರ ಹೊತ್ತಿಗೆ ನಡೆದುಕೊಂಡು ಬಂದೆನಂತೆ, ಇದೇ ಸೀರೆಯಲ್ಲಿ. ಕಾಲು ತೊಳೆದುಕೊಂಡೆನಂತೆ. ಅಪ್ಪನ ಬಗ್ಗೆ ಕೇಳಿದರೆ ಈಗ ಗೋಡೆ ಹಿಡಿದು ನಡೆಯುತ್ತಾನೆ ಎಂದೆನಂತೆ. ಪೆಟ್ಟಿಗೆ ಎಲ್ಲಿ ಎಂದರೆ, ಹಿಂದಿನಿಂದ ಬರುತ್ತದೆ ಎಂದೆನಂತೆ. ಹೆಚ್ಚು ಮಾತಾಡಲಿಲ್ಲ, ದಣಿದಿದ್ದಾಳೆ ಎಂದುಕೊಂಡರಂತೆ. ಆಮೇಲೆ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಬಹಳ ಹೊತ್ತು ಕೂತಿದ್ದೆನಂತೆ. ಆ ಕೊನೆಯ ಮಾತು ಕೇಳಿದಾಗ ನನಗೆ ಹೆದರಿಕೆಯ ಜೊತೆಗೆ ಇನ್ನೊಂದು ಸಂಕಟವೂ ಆಯಿತು, ಅದಕ್ಕೆ ಹೆಸರಿಡಲಾರೆ.

ಗಿರಣಿಯಿಂದ ಬಂದ ನನ್ನ ಗಂಡ ಎಲ್ಲ ಕೇಳಿ ಸಂದಿಯ ಬಾಗಿಲಿನ ಚಿಲಕವನ್ನು ನಾಲ್ಕು ಸಲ ತೆಗೆದು ಹಾಕಿ ನೋಡಿದರು. ಓಣಿಯಲ್ಲಿ ಯಾರ ಮುಂದೆಯೂ ಆಡಬೇಡಿ ಎಂದರು. ಮರುದಿನವೇ ಆ ಬಾಗಿಲಿಗೆ ಇಟ್ಟಿಗೆ ಇಡಿಸಿ ಮುಚ್ಚಿಸಿದರು.

ಅದೇ ಮರುದಿನ ಬೆಳಿಗ್ಗೆ ಮಗಳಿಗೆ ರೊಟ್ಟಿ ಮುರಿದು ಕೊಡುತ್ತಿದ್ದೆ. ಅವಳು ನನ್ನನ್ನು ಒಂದೇ ಸಮನೆ ನೋಡುತ್ತಿದ್ದಳು.

"ಏನು ನೋಡ್ತಿ?" ಎಂದೆ.

"ಇನ್ನೊಬ್ಬಾಕಿ ಬರ್ತಾಳ, ನನ್ನಂಗ ಇರ್ತಾಳ, ಆಕಿಗಿ ಅವ್ವಾ ಅನಬ್ಯಾಡ ಅಂದಿದ್ದಿ."

ನನ್ನ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು. "ಯಾವಾಗ ಅಂದಿದ್ನಿ?"

"ತಲಿ ಹಿಕ್ಕುವಾಗ."

"ಆಮ್ಯಾಲ?"

"ಆಮ್ಯಾಲ ನೀರು ತರ್ತೀನಿ ಅಂತ ಒಳಗ ಹೋದಿ. ಆಮ್ಯಾಲ ಬಂದಿ." ಅವಳೇ ಕೇಳಿದಳು: "ನೀನೇ ಹೌದಿಲ್ಲೋ?"

ಆಗ ನನಗೆ ಲಕ್ಷ್ಯಕ್ಕೆ ಬಂತು. ಬಂದಾಗಿನಿಂದ ಅವಳು ನನ್ನನ್ನು ಒಮ್ಮೆಯೂ ಅವ್ವಾ ಎಂದು ಕರೆದಿರಲಿಲ್ಲ. ನಾನು ಬಯ್ಯಲಿಲ್ಲ, ಬೇಡಿಕೊಳ್ಳಲಿಲ್ಲ. ಅವಳನ್ನು ಬಿಟ್ಟು ಎಲ್ಲಿಗೂ ಹೋಗಲಿಲ್ಲ, ಅಷ್ಟೇ. ನೀರಿಗೆ ಹೋದರೂ ಜೊತೆಗೆ ಕರೆದುಕೊಂಡು ಹೋದೆ. ಅತ್ತೆ ತಂದ ತಾಯಿತವನ್ನು, ಅಂಥವನ್ನು ಕಂಡರೆ ನಗುತ್ತಿದ್ದ ನಾನೇ, ಅವಳ ತೋಳಿಗೆ ಬಿಗಿದು ಕಟ್ಟಿದೆ. ಅವ್ವನ ಸೀರೆಯನ್ನು ಮಡಿಸಿ ಪೆಟ್ಟಿಗೆಯ ತಳಕ್ಕೆ ಹಾಕಿದೆ. ಹನ್ನೊಂದು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಅವಳು ನಿದ್ದೆಗಣ್ಣಿನಲ್ಲಿ ಅವ್ವಾ ಎಂದು ಕರೆದಳು. ನಾನು ಒಲೆಯ ಮುಂದೆ ಕೂತು ಅತ್ತುಬಿಟ್ಟೆ. ಯಾಕೆ ಹನ್ನೊಂದು ದಿನ, ಆ ದಿನವೇ ಯಾಕೆ, ನನಗೆ ಗೊತ್ತಿಲ್ಲ.

ಮಲ್ಲಣ್ಣ ಮುಂದೊಮ್ಮೆ ಸೊಲ್ಲಾಪುರಕ್ಕೆ ಬಂದಾಗ ಹೇಳಿದ. ಅದೇ ದಿನ ಹಿಂದಿರುಗುವಾಗ ದೋರನಹಳ್ಳಿಯಲ್ಲಿ ಆ ಮುದುಕಿಯನ್ನು ಹುಡುಕಿ ಮತ್ತೆ ಕೇಳಿದನಂತೆ. ತಾನು ಅಂಥ ಮಾತು ಆಡಿಯೇ ಇಲ್ಲ, ಬೆಳಿಗ್ಗೆ ಬಸ್ಸಿನ ಹತ್ತಿರ ಹೋಗಿಯೇ ಇಲ್ಲ ಎಂದಳಂತೆ. ಅಂಬಿಗನನ್ನು ಕೇಳುವ ಧೈರ್ಯ ಅವನಿಗಾಗಲಿಲ್ಲ. ಆಮೇಲೆ ನನ್ನ ತಮ್ಮ ಸಾಯುವ ತನಕ ಈ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಸುಶೀಲಾಗೆ ಈಗ ಅದೊಂದೂ ನೆನಪಿಲ್ಲ. ನಾನು ಮುಂದೆ ಓದಿ ಶಾಲೆಯಲ್ಲಿ ಕಲಿಸಿದೆ, ನಿವೃತ್ತಳಾದೆ. ತಿಳಿದವರನ್ನು ಒಂದಿಬ್ಬರನ್ನು ಕೇಳಿದ್ದೇನೆ. ಮಗುವನ್ನು ಬಿಟ್ಟುಹೋದ ತಪ್ಪು ನಿಮ್ಮ ಮನಸ್ಸನ್ನು ಕೊರೆಯುತ್ತಿತ್ತು, ಅದೇ ಹೀಗೆ ಕಂಡಿತು ಎಂದರು. ಕಂಡದ್ದು ನನಗಾಗಿದ್ದರೆ ಒಪ್ಪುತ್ತಿದ್ದೆ.

ಅತ್ತೆ ಆಮೇಲೆ ಹದಿನಾಲ್ಕು ವರ್ಷ ಬದುಕಿದರು. ಕೊನೆಯ ದಿನಗಳಲ್ಲಿ ಅವರ ಸೇವೆಯೆಲ್ಲ ನನ್ನ ಕೈಯಿಂದಲೇ ಆಯಿತು. ನಮ್ಮಿಬ್ಬರ ನಡುವೆ ಯಾವ ಕೊರತೆಯೂ ಇರಲಿಲ್ಲ. ಒಂದು ದಿನ ಗಂಜಿ ಕುಡಿಸುತ್ತಿದ್ದಾಗ ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು. ಬುದ್ಧಿ ಸ್ವಚ್ಛವಾಗಿಯೇ ಇತ್ತು.

"ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ" ಎಂದರು. "ಆವತ್ತು ಇಬ್ಬರು ಬಂದ್ರಲ್ಲ. ಉಳದಾಕಿ ಯಾರವ್ವಾ, ಮದ್ಲ ಬಂದಾಕ್ಯೋ, ಆಮ್ಯಾಲ ಬಂದಾಕ್ಯೋ?"

"ಅತ್ತೀ, ನಾನೇ ಇದ್ದೀನಿ" ಎಂದೆ.

ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. "ಆಕೀನೂ ಹಿಂಗ ಅಂದಿದ್ಲು" ಎಂದು ಹೇಳಿ, ಗಂಜಿಗೆ ಬಾಯಿ ತೆರೆದರು.